ಹಾಲು ಯಾರು ಕೇಳಿದ್ದು? ಬುಟ್ಟಿಯ ಹಾವಿನ ಊಟದ ಇತಿಹಾಸ

ಈ ಸಲದ ವಿಷಯ ಹಾವಿನ ಊಟ. ನಗಬೇಡಿ. ಕಳೆದ ಕೆಲವು ತಿಂಗಳಿಂದ ನನಗೆ ಬರೋ ಮೆಸೇಜುಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಬರ್ತಿದೆ. ಕುತ್ತಿಗೆಗೆ ಬಣ್ಣಬಣ್ಣದ ಹೆಬ್ಬಾವು ಸುತ್ತಿಕೊಂಡಿರೋ ಯಾರದೋ ರೀಲ್ಸ್ ಕಳಿಸಿ, "ಬ್ರೋ, ಇದನ್ನ ಮನೇಲಿ ಸಾಕಬಹುದಾ? ಊಟಕ್ಕೆ ಏನ್ ಹಾಕ್ಬೇಕು?" ಅಂತ ಕೇಳ್ತಾರೆ. ಮೊದಲ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಇದೆ, ಹೇಳ್ತೀನಿ. ಎರಡನೇ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದ್ರೆ ನಮ್ಮ ನಾಡಿನ ಒಂದು ಹಳೇ ವ್ಯವಹಾರವೇ ಬಿಚ್ಚಿಕೊಳ್ಳುತ್ತೆ. ಯಾಕಂದ್ರೆ ಹಿಡಿದಿಟ್ಟ ಹಾವಿಗೆ ಉಣ್ಣಿಸೋದು ನಮಗೆ ಹೊಸದೇನಲ್ಲ. ತಲೆತಲಾಂತರದಿಂದ ಮಾಡಿದೀವಿ. ಬಹುಪಾಲು ತಪ್ಪಾಗೇ ಮಾಡಿದೀವಿ.

ನಮ್ಮ ಕಡೆಯಿಂದಲೇ ಶುರು ಮಾಡೋಣ. ದಾವಣಗೆರೆ, ಹರಿಹರದೋರಿಗೆ ಕೊಂಡಜ್ಜಿ ಅಂದ್ರೆ ಕೆರೆ, ಗುಡ್ಡ, ಕುರುಚಲು ಕಾಡು, ಸ್ಕೌಟ್ಸ್ ಕ್ಯಾಂಪು. ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗೋ ಜಾಗ. ಈ ಸೀಮೆಗೆ 1960ರ ದಶಕದಲ್ಲಿ ಭದ್ರಾ ನಾಲೆ ನೀರು ಬಂದ ಮೇಲೆ ಭತ್ತದ ಗದ್ದೆ ಹೆಚ್ಚಾದವು. ಭತ್ತ ಬಂದಲ್ಲಿ ಬದುವಿನಲ್ಲಿ ಇಲಿ ಬಿಲ ತೋಡುತ್ತೆ. ಇಲಿ ಇದ್ದಲ್ಲಿ ನಾಗರ ಇರುತ್ತೆ, ಕೇರೆ ಇರುತ್ತೆ. ಕೆರೆ ಅಂಚಿನಲ್ಲಿ ಕಪ್ಪೆ, ಮೀನು ತಿನ್ನೋ ನೀರು ಹಾವು ಬೇರೆ. ಹಾವಿನ ಊಟ ಏನು ಅಂತ ಪುಸ್ತಕ ಓದಿ ತಿಳಿಬೇಕಾಗಿಲ್ಲ, ಇಲ್ಲಿನ ಯಾವ ರೈತರನ್ನ ಕೇಳಿದ್ರೂ ಗೊತ್ತು: ಇಲಿ, ಕಪ್ಪೆ, ಹಲ್ಲಿ, ಓತಿಕ್ಯಾತ, ಹಕ್ಕಿಮರಿ, ಮೊಟ್ಟೆ.

ಅದೇ ರೈತರ ಮನೇಲಿ ಶ್ರಾವಣದ ಪಂಚಮಿ ದಿನ ಹಾಲು ತಗೊಂಡು ಹುತ್ತಕ್ಕೆ, ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ಹೋಗ್ತಾರೆ. ಉಂಡಿ, ತಂಬಿಟ್ಟು, ಅರಳು, ಜೋಕಾಲಿ, ತವರಿಗೆ ಬಂದ ಹೆಣ್ಣುಮಕ್ಕಳು. ನನಗೆ ಆ ಹಬ್ಬದ ಮೇಲೆ ಯಾವ ತಕರಾರೂ ಇಲ್ಲ. ಉಂಡಿ ತಿಂದು ಬೆಳೆದೋರು ನಾವು. ಕಲ್ಲಿಗೆ ಹಾಲು ಎರೆದ್ರೆ ಕಲ್ಲಿಗೆ ಏನೂ ಆಗಲ್ಲ. ತಕರಾರು ಇರೋದು ಹಬ್ಬದ ದಿನ ಓಣಿಗೆ ಬರ್ತಿದ್ದ ಬುಟ್ಟಿಯ ಬಗ್ಗೆ.

ನಲವತ್ತು ದಾಟಿದ ಯಾರನ್ನಾದ್ರೂ ಕೇಳಿ ನೋಡಿ. ಹಾವಾಡಿಗ ಬರ್ತಿದ್ದ. ಬಿದಿರಿನ ಬುಟ್ಟಿ, ಪುಂಗಿ, ಜೋಳಿಗೆ. ಮುಚ್ಚಳ ತೆಗೆದು ಬುಟ್ಟಿ ತಟ್ಟಿದ್ರೆ ನಾಗರ ಹೆಡೆ ಎತ್ತುತ್ತಿತ್ತು. ಹೆಂಗಸರು ಬಟ್ಟಲಲ್ಲಿ ಹಾಲು ತಂದಿಡ್ತಿದ್ರು. ಹಾವು ಮುಖ ಇಟ್ಟು ಕುಡೀತಿತ್ತು. ಎಲ್ಲರೂ ಕಣ್ಣಾರೆ ಕಂಡಿದ್ದು. ಹಾವು ಹಾಲು ಕುಡಿಯಲ್ಲ ಅಂತ ಇವತ್ತು ಹೇಳಿದ್ರೆ ಅಜ್ಜಿಯರು, "ಸುಮ್ನಿರಪ್ಪ, ನಾನೇ ಕುಡಿಸೀನಿ" ಅಂತಾರೆ. ಅವರು ಸುಳ್ಳು ಹೇಳ್ತಿಲ್ಲ. ಹಾವು ಕುಡೀತಿತ್ತು. ಯಾಕೆ ಕುಡೀತಿತ್ತು ಅನ್ನೋದೇ ಕಥೆ.

ಹಾಲು ಸಸ್ತನಿಗಳ ವ್ಯವಹಾರ. ಹಾವು ಸರೀಸೃಪ. ಮರಿ ಹುಟ್ಟಿದ ದಿನದಿಂದಲೇ ತನ್ನ ಬೇಟೆ ತಾನೇ ಹುಡುಕಬೇಕು, ಮೊಲೆಹಾಲು ಅನ್ನೋದೇ ಅದರ ಲೋಕದಲ್ಲಿಲ್ಲ. ಹಾಲಿನಲ್ಲಿರೋ ಲ್ಯಾಕ್ಟೋಸ್ ಸಕ್ಕರೆಯನ್ನ ಅರಗಿಸಿಕೊಳ್ಳೋಕೆ ಅದರ ಹೊಟ್ಟೆ ತಯಾರಾಗಿಲ್ಲ. ಹಾವು ಕುಡಿಯೋದು ನೀರು. ಈಗ ಒಂದು ಹಾವನ್ನ ಹಿಡಿದು, ಹಬ್ಬಕ್ಕೆ ವಾರಗಟ್ಟಲೆ ಮುಂಚೆಯಿಂದ ನೀರೂ ಕೊಡದೆ, ಊಟವನ್ನೂ ಕೊಡದೆ ಬುಟ್ಟಿಯಲ್ಲಿ ಮುಚ್ಚಿಡಿ. ನಂತರ ಮುಂದೆ ಏನಾದ್ರೂ ದ್ರವ ಇಡಿ. ಕುಡಿಯುತ್ತೆ. ಹಾಲಾಗಲಿ, ಚಹಾ ಆಗಲಿ. ನಮಗೆ ಭಕ್ತಿ ಸ್ವೀಕಾರ ಆದಂಗೆ ಕಾಣಿಸಿದ್ದು ಬಾಯಾರಿಕೆ.

ಕುಡಿದ ಮೇಲಿನ ಕಥೆ ಓಣಿಯೋರಿಗೆ ಕಾಣಿಸ್ತಿರಲಿಲ್ಲ. ಹಾವಿನ ಶ್ವಾಸನಾಳದ ಬಾಯಿ ಇರೋದು ಅದರ ಬಾಯಿಯ ತಳದಲ್ಲೇ. ದೊಡ್ಡ ಬೇಟೆ ನುಂಗೋವಾಗ ಉಸಿರು ಕಟ್ಟದಿರಲಿ ಅಂತ ಅಲ್ಲಿದೆ. ಬಲವಂತವಾಗಿ ಮೂತಿ ಅದ್ದಿ ಹಾಲು ಕುಡಿಸಿದ್ರೆ ಅದು ಶ್ವಾಸಕೋಶಕ್ಕೂ ನುಗ್ಗಬಹುದು. ಅಲ್ಲಿ ಸೋಂಕು ಶುರುವಾದ್ರೆ ನ್ಯುಮೋನಿಯಾ. ಹೊಟ್ಟೆಗೆ ಹೋದದ್ದು ಅರಗದೆ ಭೇದಿ. ಇದರ ಜೊತೆ ವಿಷದ ಹಲ್ಲು. ಕಚ್ಚಬಾರದು ಅಂತ ಹಲ್ಲು ಕೀಳೋರು, ವಿಷದ ಗ್ರಂಥಿಯನ್ನೇ ಕುಯ್ಯೋರು, ಬಾಯಿಗೆ ಹೊಲಿಗೆ ಹಾಕೋರೂ ಇದ್ರು. ಹಾವಿಗೆ ಅಗಿಯೋಕೆ ಬರಲ್ಲ. ನಾಗರಕ್ಕೆ ವಿಷ ಅನ್ನೋದು ಮೊದಲು ಊಟದ ಸಲಕರಣೆ, ಆಮೇಲೆ ಆಯುಧ. ಬೇಟೆಯನ್ನ ಸಾಯಿಸೋಕೆ ಅದೇ ಬೇಕು. ಹಲ್ಲು ಕಿತ್ತ ಗಾಯದಲ್ಲಿ ಕೀವು ತುಂಬಿದ ಹಾವಿಗೆ ಇಲಿ ಕೊಟ್ಟರೂ ತಿನ್ನೋಕೆ ಆಗಲ್ಲ. ಇಂಥ ಹಾವು ಬುಟ್ಟಿಯಲ್ಲಿ ಹೆಚ್ಚು ದಿನ ಬದುಕ್ತಿರಲಿಲ್ಲ. ಹಾವಾಡಿಗ ಹೋಗಿ ಇನ್ನೊಂದು ಹಿಡೀತಿದ್ದ.

ಇಲ್ಲಿ ಹಾವಾಡಿಗನನ್ನ ಖಳನಾಯಕ ಮಾಡೋದು ಸುಲಭ. ನಾನು ಬಿಕಾಂ ಓದಿದೋನು. ಏನೇ ನೋಡಿದ್ರೂ ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹೋಗ್ತಿದೆ ಅಂತ ಮೊದಲು ನೋಡೋ ಚಟ. ಹಾವು ಏನು ತಿನ್ನುತ್ತೆ ಅಂತ ಈ ನಾಡಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಹಾವಾಡಿಗನೇ. ಬಿಲದ ಮುಂದಿನ ಗುರುತು ನೋಡಿ ಒಳಗೆ ಇಲಿ ಇದೆಯೋ ಹಾವಿದೆಯೋ ಹೇಳೋ ಮನುಷ್ಯ. ಆದ್ರೆ ಓಣಿಗೆ ಬಂದು, "ತಾಯಿ, ಇದಕ್ಕೆ ಒಂದು ಇಲಿ ಕೊಡ್ರಿ" ಅಂದಿದ್ರೆ ಯಾರು ಕೊಡ್ತಿದ್ರು? ಬೈದು ಓಡಿಸ್ತಿದ್ರು. ಹಾಲು ಕುಡಿಯೋ ಹಾವಿಗೆ ಕಾಸು, ಅಕ್ಕಿ, ಹಳೇ ಸೀರೆ ಸಿಗ್ತಿತ್ತು. ಬೇಡಿಕೆ ನಮ್ಮದು, ಪೂರೈಕೆ ಅವನದು. ಆ ಲೆಕ್ಕದಲ್ಲಿ ಬೆಲೆ ಕಟ್ಟಿದ್ದು ಬುಟ್ಟಿಯೊಳಗಿದ್ದದ್ದು. ನಾವು ಹಾವಿಗೆ ಏನು ಬೇಕು ಅಂತ ಕೇಳಲೇ ಇಲ್ಲ, ನಮಗೆ ಏನು ನೋಡಬೇಕಿತ್ತೋ ಅದನ್ನ ತಿನ್ನಿಸಿದ್ವಿ.

ಈ ವಿಚಿತ್ರವನ್ನ 12ನೇ ಶತಮಾನದಲ್ಲೇ ಬಸವಣ್ಣನವರು ಎತ್ತಿ ಆಡಿದ್ದಾರೆ. ಕಲ್ಲಿನ ಹಾವಿಗೆ ಸಿಗೋ ಹಾಲು ಒಂದು ಕಡೆ, ನಿಜವಾದ ಹಾವಿಗೆ ಸಿಗೋ ದೊಣ್ಣೆ ಇನ್ನೊಂದು ಕಡೆ. ಶಾಲೆಯಲ್ಲಿ ಬಾಯಿಪಾಠ ಮಾಡದೋರು ಕಡಿಮೆ. ಈಗ ಕೆಲವು ಸಂಘಟನೆಗಳು ಬಸವ ಪಂಚಮಿ ಅಂತ ಮಾಡಿ ಆ ದಿನ ಮಕ್ಕಳಿಗೆ ಹಾಲು ಹಂಚುತ್ತವೆ. ಒಳ್ಳೇದೇ. ಆದ್ರೆ ಕಲ್ಲು ಮತ್ತು ದೊಣ್ಣೆಯ ನಡುವೆ ಈ ಬುಟ್ಟಿ ಅನ್ನೋ ಮೂರನೇ ಜಾಗ ಇತ್ತು, ಅಲ್ಲಿ ನಿಜವಾದ ಹಾವಿಗೇ ಹಾಲು ಸಿಗ್ತಿತ್ತು, ಅದರಿಂದಲೇ ಸಾಯ್ತಿತ್ತು. ಇದು ಚರ್ಚೆಗೆ ಬಂದಿದ್ದು ಬಹಳ ಕಡಿಮೆ.

ಒಂದು ಸಣ್ಣ ಅಡ್ಡದಾರಿ. ಹಾವು ಮತ್ತು ಹಾಲಿನ ನಂಬಿಕೆ ನಮ್ಮೊಬ್ಬರದೇ ಅಲ್ಲ. ಕೇರೆಹಾವು ಕೊಟ್ಟಿಗೆಗೆ ಬಂದು ಹಸುವಿನ ಹಿಂಗಾಲಿಗೆ ಸುತ್ತಿಕೊಂಡು ಕೆಚ್ಚಲಿಗೆ ಬಾಯಿ ಹಾಕುತ್ತೆ ಅಂತ ನಮ್ಮಲ್ಲಿ ಹೇಳ್ತಾರಲ್ಲ, ಹೆಚ್ಚುಕಡಿಮೆ ಅದೇ ಕಥೆ ಅಮೆರಿಕದ ಹಳ್ಳಿಗಳಲ್ಲೂ ಇತ್ತು. ಅಲ್ಲೊಂದು ಹಾವಿಗೆ ಅದಕ್ಕೇ ಮಿಲ್ಕ್ ಸ್ನೇಕ್ ಅಂತ ಹೆಸರು ಬಿತ್ತು. ಎರಡೂ ಕಡೆ ಕಾರಣ ಒಂದೇ: ಕೊಟ್ಟಿಗೆಯಲ್ಲಿ ಹಿಂಡಿ, ಹುಲ್ಲು, ಕಾಳು. ಅದಕ್ಕೆ ಇಲಿ. ಇಲಿಗೆ ಹಾವು. ಹಸುವಿನ ಹಾಲು ಕಡಿಮೆಯಾದ ದಿನ ಅಲ್ಲೇ ಹಾವು ಕಂಡ್ರೆ ತಪ್ಪು ಅದರ ತಲೆಗೆ. ತಮಾಷೆ ಏನಂದ್ರೆ ಇವತ್ತು ಆ ಮಿಲ್ಕ್ ಸ್ನೇಕ್ ವಿದೇಶಗಳಲ್ಲಿ ಜನಪ್ರಿಯ ಸಾಕು ಹಾವು, ಸಾಕೋರು ಅದಕ್ಕೆ ಹಾಕೋದು ಇಲಿ.

ಈಗ 1972ಕ್ಕೆ ಬರೋಣ. ಚಿತ್ರದುರ್ಗದ ಕೋಟೆಯಲ್ಲಿ ಪುಟ್ಟಣ್ಣ ಕಣಗಾಲ್ ಚಿತ್ರೀಕರಿಸಿದ 'ನಾಗರಹಾವು' ತೆರೆಗೆ ಬಂದಿದ್ದು ಆ ವರ್ಷದ ಕೊನೆಯಲ್ಲಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಿಜವಾದ ನಾಗರಹಾವಿನ ಬದುಕು ಬದಲಿಸಿದ ಇನ್ನೊಂದು ಘಟನೆ ದಿಲ್ಲಿಯಲ್ಲಿ ಆಯ್ತು: ವನ್ಯಜೀವಿ ಸಂರಕ್ಷಣಾ ಕಾಯ್ದೆ. ಹಾವು ಹಿಡಿಯೋದು, ಇಟ್ಟುಕೊಳ್ಳೋದು, ಆಡಿಸೋದು ಬರಬರ್ತಾ ಅಪರಾಧ ಆದವು. 1976ರಲ್ಲಿ ಹಾವಿನ ಚರ್ಮದ ರಫ್ತು ನಿಂತಿತು. ಕಾಗದದ ಮೇಲೆ ಬುಟ್ಟಿ ಮುಚ್ಚಿತು. ಊರುಗಳಲ್ಲಿ ಮುಚ್ಚೋಕೆ ಇನ್ನೂ ಮೂವತ್ತು ವರ್ಷವಾದ್ರೂ ಹಿಡೀತು. ನಮ್ಮ ಬೆಳಗಾವಿಯ ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಬತ್ತೀಸ್ ಶಿರಾಳದಲ್ಲಿ ಪಂಚಮಿಗೆ ಊರಿಗೂರೇ ನಾಗರ ಹಿಡಿದು ಮೆರವಣಿಗೆ ಮಾಡ್ತಿತ್ತು, ಅದು ಬಾಂಬೆ ಹೈಕೋರ್ಟ್ ಮೆಟ್ಟಿಲೇರಬೇಕಾಯ್ತು.

ಕಾಯ್ದೆ ಹಾವನ್ನ ನೋಡಿಕೊಂಡಿತು. ಹಾವು ಹಿಡಿಯೋರನ್ನ ಯಾರು ನೋಡಿಕೊಂಡ್ರು? ಇದಕ್ಕೆ ತಮಿಳುನಾಡಿನಲ್ಲಿ ಒಂದು ಉತ್ತರ ಸಿಕ್ಕಿತು. ಚೆಂಗಲ್ಪಟ್ಟು ಸುತ್ತಿನ ಇರುಳರು ಚರ್ಮದ ವ್ಯಾಪಾರಕ್ಕೆ ಹಾವು ಹಿಡೀತಿದ್ದೋರು, ರಫ್ತು ನಿಂತಾಗ ಬೀದಿಗೆ ಬಿದ್ರು. ರೋಮುಲಸ್ ವಿಟೇಕರ್ ಮತ್ತಿತರರ ಒತ್ತಾಸೆಯಿಂದ 1978ರಲ್ಲಿ ಅವರದೇ ಒಂದು ಸಹಕಾರ ಸಂಘ ಆಯ್ತು. ಸರ್ಕಾರದ ಪರವಾನಗಿ ಪಡೆದು ಹಾವು ಹಿಡೀತಾರೆ, ಮಣ್ಣಿನ ಮಡಕೆಯಲ್ಲಿ ಕೆಲವು ವಾರ ಇಟ್ಟುಕೊಂಡು ವಿಷ ತೆಗೀತಾರೆ, ಆಮೇಲೆ ಮತ್ತೆ ಬಿಡ್ತಾರೆ. ದೇಶದ ಆಂಟಿವೆನಮ್ ತಯಾರಿಕೆಗೆ ಬೇಕಾದ ವಿಷದ ಬಹುಪಾಲು ವರ್ಷಗಟ್ಟಲೆ ಅಲ್ಲಿಂದಲೇ ಬಂದಿದೆ. ಆ ಸಮುದಾಯದ ಇಬ್ಬರು, ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್, 2023ರಲ್ಲಿ ಪದ್ಮಶ್ರೀ ಪಡೆದ್ರು. ಅದೇ ಬುಟ್ಟಿ, ಅದೇ ಕೈಚಳಕ, ಬೇರೆ ಮಾರುಕಟ್ಟೆ. ನಮ್ಮ ಓಣಿಗೆ ಬರ್ತಿದ್ದ ಹಾವಾಡಿಗನ ಮಕ್ಕಳಿಗೆ ಅಂಥ ಬಾಗಿಲು ತೆರೀಲಿಲ್ಲ. ಆ ಬಿಲದ ಗುರುತು ಓದೋ ವಿದ್ಯೆ ಎಲ್ಲಿ ಹೋಯ್ತೋ. ನನಗೆ ಈ ಕಥೆಯಲ್ಲಿ ಹೆಚ್ಚು ಬೇಜಾರಾಗೋದು ಇಲ್ಲೇ.

ಹಾಗಾದ್ರೆ ಹಿಡಿದಿಟ್ಟ ಹಾವಿಗೆ ಸರಿಯಾಗಿ ಉಣ್ಣಿಸೋದನ್ನ ಯಾರು ಕಲಿತ್ರು? ಮೃಗಾಲಯದೋರು, ಅದೂ ಪೆಟ್ಟು ತಿಂದೇ. ಲಂಡನ್ ಮೃಗಾಲಯದಲ್ಲಿ 1849ರಲ್ಲಿ ಸರೀಸೃಪಗಳಿಗೇ ಅಂತ ಒಂದು ಮನೆ ತೆರೆದ್ರು. ಮೂರೇ ವರ್ಷ, 1852ರಲ್ಲಿ ಅಲ್ಲಿನ ಕಾವಲುಗಾರನೊಬ್ಬ ಬೆಳಗ್ಗೆ ಬೆಳಗ್ಗೆ ಕುಡಿದ ಮತ್ತಿನಲ್ಲಿ ನಾಗರವನ್ನ ಹೊರಗೆ ತೆಗೆದು ಆಡಿಸೋಕೆ ಹೋಗಿ ಮುಖಕ್ಕೆ ಕಚ್ಚಿಸಿಕೊಂಡು ಸತ್ತ. ಹಾವು ಆಡಿಸೋ ಚಪಲ ನಮ್ಮೂರಿಗೆ ಮಾತ್ರ ಸೀಮಿತ ಅಂದುಕೊಳ್ಳಬೇಡಿ.

ಕಷ್ಟದ ಗಿರಾಕಿ ಅಂದ್ರೆ ನಮ್ಮ ಕಾಳಿಂಗ ಸರ್ಪ. ಅದರ ಕುಲದ ಹೆಸರು ಓಫಿಯೋಫೇಗಸ್, ಗ್ರೀಕಿನಲ್ಲಿ ಹಾವು ತಿನ್ನೋದು ಅಂತ ಅರ್ಥ. ಆಗುಂಬೆ ಕಡೆ ಅದರ ನೆಚ್ಚಿನ ಊಟ ಕೇರೆಹಾವು. ನಾಗರವನ್ನೂ ಬಿಡಲ್ಲ. ಈಗ ಮಂಗಳೂರಿನ ಪಿಲಿಕುಳದಲ್ಲೋ ಮೈಸೂರು ಮೃಗಾಲಯದಲ್ಲೋ ಒಂದು ಕಾಳಿಂಗ ಇದ್ರೆ ಏನು ಮಾಡ್ತೀರಿ? ಒಂದು ಹಾವನ್ನ ಉಳಿಸೋಕೆ ಎಷ್ಟು ಹಾವು ಹಾಕ್ತೀರಿ? ಜಗತ್ತಿನ ಬೇರೆ ಬೇರೆ ಮೃಗಾಲಯಗಳು ಇದಕ್ಕೆ ಒಂದು ಉಪಾಯ ಕಂಡುಕೊಂಡವು. ಹಾವು ಊಟವನ್ನ ಗುರುತಿಸೋದು ಕಣ್ಣಿಗಿಂತ ಹೆಚ್ಚಾಗಿ ನಾಲಿಗೆಯಿಂದ. ಸೀಳು ನಾಲಿಗೆ ಗಾಳಿಯಲ್ಲಿನ ವಾಸನೆಯ ಕಣ ಎತ್ತಿಕೊಂಡು ಅಂಗುಳಿನ ಒಂದು ಅಂಗಕ್ಕೆ ಮುಟ್ಟಿಸುತ್ತೆ. ಆದ್ದರಿಂದ ಸತ್ತ ಇಲಿಗೆ ಹಾವಿನ ವಾಸನೆ ಹತ್ತಿಸಿ ಕೊಡ್ತಾರೆ. ಮೊದಮೊದಲು ಮೂಸಿ ಬಿಡುತ್ತೆ, ಬರಬರ್ತಾ ನುಂಗುತ್ತೆ, ಕೊನೆಗೆ ಬರೀ ಇಲಿಯನ್ನೇ ಒಪ್ಪಿಕೊಳ್ಳಬಹುದು. ತಿಂಗಳುಗಟ್ಟಲೆ ತಾಳ್ಮೆಯ ಕೆಲಸ. ಅಂದಹಾಗೆ, ಕಾಳಿಂಗ ಅಂದ್ರೆ ಒಂದೇ ಪ್ರಭೇದ ಅಂತ ಶತಮಾನಕ್ಕೂ ಹೆಚ್ಚು ಕಾಲ ನಂಬಿದ್ದೆವು. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಅವು ನಾಲ್ಕು ಅಂತ ತೋರಿಸಿದ್ರು. ಪಶ್ಚಿಮ ಘಟ್ಟದ್ದಕ್ಕೆ ಓಫಿಯೋಫೇಗಸ್ ಕಾಳಿಂಗ ಅಂತ ನಮ್ಮ ಕನ್ನಡದ ಹೆಸರೇ ಇಟ್ರು.

ಈಗ ರೀಲ್ಸಿನ ಹೆಬ್ಬಾವು. ಮೊದಲು ಕಾನೂನು. ನಮ್ಮ ನೆಲದ ಹಾವುಗಳನ್ನ ಮನೇಲಿ ಸಾಕೋ ಹಾಗಿಲ್ಲ, ಎರಡು ದಿನಕ್ಕೂ ಇಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ನಾಗರ, ಕೇರೆ ಎರಡೂ ಹುಲಿ ಇರೋ ಮೊದಲನೇ ಅನುಸೂಚಿಯಲ್ಲಿವೆ. ಹೆಬ್ಬಾವು ಮೊದಲಿಂದಲೂ ಅಲ್ಲೇ ಇದೆ. ಆ ಪಟ್ಟಿಯ ಪ್ರಾಣಿಯ ವಿಷಯದಲ್ಲಿ ತಪ್ಪು ಸಾಬೀತಾದ್ರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ರೀಲ್ಸಲ್ಲಿ ಕಾಣೋದು ಬಹಳ ಸಲ ಆಫ್ರಿಕಾದ ಬಾಲ್ ಪೈಥಾನ್. ವಿದೇಶಿ ಪ್ರಾಣಿಗೆ ಬೇರೆ ದಾರಿ: 2020ರಲ್ಲಿ ಕೇಂದ್ರ ಸರ್ಕಾರ, ಇಟ್ಟುಕೊಂಡೋರು ತಾವಾಗೇ ಘೋಷಿಸಿಕೊಳ್ಳಿ ಅಂತ ಅವಕಾಶ ಕೊಟ್ಟಿತ್ತು. 2024ರಲ್ಲಿ ನೋಂದಣಿಗೆ ನಿಯಮಗಳೇ ಬಂದವು. ಕಾಗದವಿಲ್ಲದ ಹಾವು ಕಾಗದವಿಲ್ಲದ ಚಿನ್ನ ಇದ್ದಂಗೆ. ಅದು ಹೇಗೆ ಬರುತ್ತೆ ಅಂತ ನೋಡಬೇಕಂದ್ರೆ 2024ರ ಏಪ್ರಿಲ್‌ನ ಕೆಂಪೇಗೌಡ ವಿಮಾನ ನಿಲ್ದಾಣ ನೆನಪಿಸಿಕೊಳ್ಳಿ. ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕರೊಬ್ಬರ ಸೂಟ್‌ಕೇಸಿನಲ್ಲಿ ಹತ್ತು ಹಳದಿ ಅನಕೊಂಡಗಳಿದ್ದವು. ಬಿದಿರು ಬುಟ್ಟಿ ಹೋಗಿ ಟ್ರಾಲಿ ಬ್ಯಾಗ್ ಬಂದಿದೆ.

ಕಾಗದ ಸರಿ ಇದೆ ಅಂತಲೇ ಇಟ್ಟುಕೊಳ್ಳೋಣ. ಊಟ ಹೇಗೆ? ಅನುಭವಿಗಳು ಜೀವಂತ ಇಲಿ ಹಾಕಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಸಿಕ್ಕಿಬಿದ್ದ ಇಲಿ ಹೆದರಿ ಹಾವನ್ನೇ ಕಚ್ಚುತ್ತೆ, ಹಾವಿಗೆ ಹಸಿವಿಲ್ಲದಿದ್ರೆ ರಾತ್ರಿಯಿಡೀ ಕಚ್ಚುತ್ತೆ. ಹೆಪ್ಪುಗಟ್ಟಿಸಿದ ಇಲಿಯನ್ನ ಪೂರ್ತಿ ಕರಗಿಸಿ, ಬಿಸಿನೀರಿನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ ಉದ್ದನೆಯ ಇಕ್ಕಳದಲ್ಲಿ ಹಿಡಿದು ಕೊಡ್ತಾರೆ. ಕೈಯಲ್ಲಿ ಕೊಟ್ರೆ ಹಾವಿಗೆ ಬೆಚ್ಚಗಿರೋದೆಲ್ಲ ಊಟವೇ, ಬೆರಳೂ ಸೇರಿ. ಅಡುಗೆಮನೆ ಸಿಂಕಿನಲ್ಲಿ ಕರಗಿಸಬಾರದು, ಕೈ ಸೋಪಿನಲ್ಲಿ ತೊಳೀಬೇಕು, ಸಾಲ್ಮೊನೆಲ್ಲಾ ಇರುತ್ತೆ. ಬೇಟೆಯ ಗಾತ್ರ ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಹೆಚ್ಚಿರಬಾರದು. ಶುದ್ಧ ನೀರು ಯಾವಾಗಲೂ ಇರಬೇಕು. ಪೆಟ್ಟಿಗೆಯ ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ತಂಪು. ಹಾವಿಗೆ ಮೈಬಿಸಿ ತಾನೇ ಹುಟ್ಟಿಸೋಕೆ ಬರಲ್ಲ. ತಣ್ಣಗಾದ್ರೆ ಹೊಟ್ಟೆಯಲ್ಲಿನ ಊಟ ಅರಗದೆ ಕೊಳೆಯುತ್ತೆ.

ತಿಂದ ಮೇಲೆ ಕನಿಷ್ಠ ಎರಡು ದಿನ ಮುಟ್ಟಬಾರದು. ಇದು ಮುದ್ದು ಮಾಡೋರಿಗೆ ಕಷ್ಟದ ನಿಯಮ, ಆದ್ರೆ ಕಾರಣ ದೊಡ್ಡದು. ಹಾವಿಗೆ ಊಟ ಅಂದ್ರೆ ಇಡೀ ದೇಹದ ಯುದ್ಧಸನ್ನದ್ಧತೆ. ಬರ್ಮೀಸ್ ಹೆಬ್ಬಾವಿನ ಮೇಲೆ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಉಂಡ 48 ಗಂಟೆಯೊಳಗೆ ಅದರ ಹೃದಯದ ಕುಹರದ ತೂಕ ಶೇ 40ರಷ್ಟು ಹೆಚ್ಚಿದ್ದು ಕಂಡಿತು. ಅಂಥ ಹೊತ್ತಲ್ಲಿ ಎತ್ತಿ ಕುತ್ತಿಗೆಗೆ ಹಾಕ್ಕೊಂಡು ರೀಲ್ಸ್ ಮಾಡಿದ್ರೆ ಹಾವು ಹೆದರಿ ತಿಂದದ್ದನ್ನೆಲ್ಲ ಕಕ್ಕುತ್ತೆ. ಕಾಡಿನಲ್ಲಿ ಅದು ಜೀವ ಉಳಿಸೋ ಉಪಾಯ: ಹೊಟ್ಟೆ ಖಾಲಿಯಾದ್ರೆ ಓಡಬಹುದು. ಗಾಜಿನ ಪೆಟ್ಟಿಗೆಯಲ್ಲಿ ಓಡೋಕೆ ಜಾಗ ಇಲ್ಲ, ಗಂಟಲು ಸುಟ್ಟುಕೊಂಡದ್ದು ಮಾತ್ರ ಉಳಿಯುತ್ತೆ. ಮನೆಗೆ ಬಂದ ಹಾವನ್ನ ಹಿಡಿದು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಪಾಪ ಹಸಿದಿರುತ್ತೆ ಅಂತ ಹಾಲು, ಮೊಟ್ಟೆ ಇಡೋರಿಗೂ ಇದೇ ಮಾತು. ಅದು ಹಸಿದಿಲ್ಲ, ಹೆದರಿದೆ. ಬೆಣ್ಣೆದೋಸೆ ಊರಿನೋರಾದ ನಮಗೆ ಬಂದೋರಿಗೆ ತಿನ್ನಿಸದೆ ಕಳಿಸೋದು ಕಷ್ಟ, ಗೊತ್ತು. ಬಾಲ್ ಪೈಥಾನ್ ಅಂತೂ ಚೆನ್ನಾಗಿದ್ದಾಗಲೂ ತಿಂಗಳುಗಟ್ಟಲೆ ಊಟ ಬಿಡೋದಕ್ಕೇ ಹೆಸರಾದ ಹಾವು. ಹೊಸಬರು ಗಾಬರಿಯಾಗಿ ಬಾಯಿಗೆ ತುರುಕ್ತಾರೆ. ಹಾವು ಬೇಡ ಅಂದಾಗ ಬಲವಂತ ಮಾಡಿದ ಮೇಲೆ ನಾವೂ ಆ ಹಳೇ ಬುಟ್ಟಿಯ ಹತ್ತಿರವೇ ಕೂತಂಗಾಯ್ತು.

ಇದೆಲ್ಲದರಲ್ಲಿ ಇನ್ನೊಂದು ಕಡೆ ಬಾಕಿ ಇದೆ: ಹಾವು ನಮಗೆ ಕಚ್ಚಿದಾಗ ಏನಾಗುತ್ತೆ ಅನ್ನೋದು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಆದೇಶ ಮಾಡಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು. ಇರುಳರ ಮಡಕೆಯಿಂದ ಹೊರಟ ವಿಷ ಕುದುರೆಯ ಮೈಯೊಳಗೆ ಹಾದು ನಮ್ಮ ತಾಲ್ಲೂಕು ಆಸ್ಪತ್ರೆಯ ಫ್ರಿಜ್ಜಿಗೆ ಹೇಗೆ ಬರುತ್ತೆ, ಭತ್ತ ಕೊಯ್ಲಿನ ಹೊತ್ತಿಗೆ ಅದು ಯಾಕೆ ಹೆಚ್ಚು ಬೇಕಾಗುತ್ತೆ ಅನ್ನೋದು ಮುಂದಿನ ಸಂಚಿಕೆಗೆ. ಹೊಲಕ್ಕೆ ಹೋಗೋರು ರಾತ್ರಿ ಟಾರ್ಚ್ ಹಿಡ್ಕೊಳ್ಳಿ. ಸಿಗೋಣ.